ಆರು ಸೆಕೆಂಡಿನ ಓಟ, ಆರು ದಿನದ ಪಂಚನಾಮೆ

ಲಾರಿ ಎಂಜಿನ್ ಒಡೆದರೆ ನಮ್ಮೂರಲ್ಲಿ ಮೊದಲು ಹುಟ್ಟುವ ಪ್ರಶ್ನೆ ಒಂದೇ: "ಡ್ರೈವರ್ ಯಾರು?"

ಯಾಕೆ ಒಡೆಯಿತು ಅಂತ ಕೇಳುವವರು ಕಡಿಮೆ. ಯಾರ ತಲೆಗೆ ಕಟ್ಟಬೇಕು ಅನ್ನೋದು ಲಾರಿ ಟೋ ಆಗಿ ಪಿ.ಬಿ. ರಸ್ತೆಯ ಗ್ಯಾರೇಜು ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ನೀರು ನೋಡಿಲ್ಲ, ಆಯಿಲ್ ನೋಡಿಲ್ಲ, ಸಿಕ್ಕಾಪಟ್ಟೆ ತುಳಿದಿದ್ದಾನೆ. ವಿಚಾರಣೆ ಮುಗೀತು. ಸಂಬಳದಲ್ಲಿ ಮುರಿದುಕೊಂಡರೆ ತೀರ್ಪೂ ಜಾರಿ.

ಅತ್ತ ಮೇಸ್ತ್ರಿ ಎಂಜಿನ್ ಬಿಚ್ಚುತ್ತಾನೆ. ಒಡೆದ ಸಾಮಾನೆಲ್ಲ ಗುಜರಿಗೆ ಹೋಗುತ್ತದೆ, ಹೊಸ ಪಿಸ್ಟನ್, ಹೊಸ ಬೇರಿಂಗ್ ಒಳಗೆ ಬರುತ್ತವೆ. ಎರಡು ತಿಂಗಳಿಗೆ ಅದೇ ಎಂಜಿನ್ ಮತ್ತೆ ಅದೇ ಜಾಗದಲ್ಲಿ ಒಡೆಯುತ್ತದೆ. ಆಗ ಸಾಹುಕಾರರು ಹಣೆ ಚಚ್ಚಿಕೊಳ್ಳುತ್ತಾರೆ. ಕಳ್ಳ ಒಳಗೇ ಉಳಿದಿದ್ದ. ಮೊದಲ ಸಲ ಶಿಕ್ಷೆ ಆದದ್ದು ಬೇರೆಯವನಿಗೆ.

ಈ ವಾರ ಈ ಅಂಕಣ ಸ್ವಲ್ಪ ದೂರ ಹೋಗುತ್ತದೆ, ಅಮೆರಿಕದವರೆಗೆ. ಅಲ್ಲಿ ಒಂದು ಆಟವಿದೆ. ಆ ಆಟದಲ್ಲಿ ಡೀಸೆಲ್ ಎಂಜಿನ್ ಒಡೆಯೋದು ಎಷ್ಟು ಮಾಮೂಲು ಅಂದರೆ, ಒಡೆದ ಮೇಲೆ ವಿಚಾರಣೆ ಹೇಗೆ ಮಾಡಬೇಕು ಅನ್ನೋದನ್ನು ಆ ಜನ ಚೆನ್ನಾಗಿ ಕಲಿತುಬಿಟ್ಟಿದ್ದಾರೆ. ಆಟ ನಮಗೆ ಬೇಡ. ಆ ವಿಚಾರಣೆ ಮಾತ್ರ ನಮಗೂ ಬೇಕು.

ನೆಟ್ಟನೆಯ ಹುಚ್ಚು

ಡ್ರ್ಯಾಗ್ ರೇಸ್ ಅಂದರೆ ತಿರುವಿಲ್ಲದ ಓಟ. ಎರಡು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ, ದೀಪ ಹಸಿರಾಗುತ್ತದೆ, ಮೊದಲು ಗೆರೆ ದಾಟಿದವನು ಗೆದ್ದ. ಪೂರ್ತಿ ಓಟ ಕಾಲು ಮೈಲಿ, ಅಂದರೆ 402 ಮೀಟರ್. ಅರ್ಧ ಓಟ 201 ಮೀಟರ್. ಅಮೆರಿಕದ ಬೀದಿಗಳಲ್ಲಿ ಪುಂಡಾಟಿಕೆಯಾಗಿ ನಡೆಯುತ್ತಿದ್ದ ಈ ಓಟಕ್ಕೆ 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿ ನಿಯಮ, ಮೈದಾನ, ಸುರಕ್ಷತೆ ಅಂತ ಒಂದು ಶಿಸ್ತು ತಂದ.

ಮೊದಲೆಲ್ಲ ಇದು ಪೆಟ್ರೋಲ್ ಕಾರುಗಳ ಆಟ. ಆಮೇಲೆ ಡೀಸೆಲ್ ಪಿಕಪ್‌ನವರೂ ಇಳಿದರು. ಅಲ್ಲಿನ ಪಿಕಪ್ ಅಂದರೆ ನಮ್ಮ ಬೊಲೆರೊ ಪಿಕಪ್ಪಿನ ದೊಡ್ಡಣ್ಣ. ಅವರು ಅದನ್ನೇ ಟ್ರಕ್ ಅನ್ನುತ್ತಾರೆ. ಹೊಲದ ಕೆಲಸಕ್ಕೆ, ಕುದುರೆ ಸಾಗಿಸೋಕೆ ಕೊಂಡ ಗಾಡಿಗೆ ದೊಡ್ಡ ಟರ್ಬೊ, ದೊಡ್ಡ ನೋಜಲ್ ಹಾಕಿ ಓಡಿಸಿದರು. ಇವತ್ತು ಅವರಲ್ಲಿ 201 ಮೀಟರಿಗೆ 5.90 ಸೆಕೆಂಡ್ ಎಂಬ ಒಂದು ವರ್ಗವೇ ಇದೆ. ಆ ಗುರಿಗೆ ಆದಷ್ಟು ಹತ್ತಿರ ಬರಬೇಕು, ಆದರೆ ಅದಕ್ಕಿಂತ ಬೇಗ ಮುಗಿಸಬಾರದು. ಇಂಥ ಗಾಡಿಗಳ ಶಕ್ತಿ ಸಾವಿರ ಎಚ್.ಪಿ. ದಾಟಿರುತ್ತದೆ. ಇನ್ನೂ ಮೇಲಿನ ವರ್ಗದಲ್ಲಿ 2,000 ದಾಟಿ 3,000 ಎಚ್.ಪಿ. ಮುಟ್ಟಿದ ಎಂಜಿನ್‌ಗಳೂ ಇವೆ.

ಇದರಿಂದ ಊರಿಗೇನು ಉಪಕಾರ ಸ್ವಾಮಿ ಅಂತ ಕೇಳಬೇಡಿ. ಮುಂದಕ್ಕೆ ಓದಿ.

ನಮ್ಮ ಲಾರಿಯ ರಕ್ತಸಂಬಂಧಿ

ಈ ರೇಸಿನವರಿಗೆ ಬಲು ಪ್ರೀತಿಯ ಎಂಜಿನ್ ಯಾವುದು ಗೊತ್ತೇ? ಕಮಿನ್ಸ್ ಕಂಪನಿಯ ಬಿ ಸರಣಿಯ 5.9 ಲೀಟರ್ ಎಂಜಿನ್. ಸಾಲಾಗಿ ಆರು ಸಿಲಿಂಡರ್, ಬೋರ್ 102 ಮಿಲಿಮೀಟರ್, ಸ್ಟ್ರೋಕ್ 120 ಮಿಲಿಮೀಟರ್. 1989ರಲ್ಲಿ ಡಾಡ್ಜ್ ರ‍್ಯಾಮ್ ಪಿಕಪ್ಪಿಗೆ ಕೂರಿಸಿದಾಗ ಅದರ ಶಕ್ತಿ 160 ಎಚ್.ಪಿ.

ಇದೇ ಬಿ ಸರಣಿಯ 5.9 ಲೀಟರ್ ಎಂಜಿನ್ ನಮ್ಮ ದೇಶಕ್ಕೂ ಬಂತು. 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಸೇರಿ ಜಮ್‌ಶೆಡ್‌ಪುರದಲ್ಲಿ ಟಾಟಾ ಕಮಿನ್ಸ್ ಕಟ್ಟಿದವು. ಅಲ್ಲಿಂದ ಇದು ಟಾಟಾ ಲಾರಿ, ಬಸ್ಸುಗಳ ಎದೆಗೆ ಬಂತು. ಹಳೆಯ 1613 ಲಾರಿ ಓಡಿಸಿದವರನ್ನು ಕೇಳಿ, ಗೊತ್ತಿರುತ್ತದೆ. 16 ಅಂದರೆ ತುಂಬಿದ ಲಾರಿಯ ತೂಕ 16 ಟನ್, 13 ಅಂದರೆ ಸುಮಾರು 130 ಎಚ್.ಪಿ. ಅಂದರೆ ಅಮೆರಿಕದಲ್ಲಿ ಸಾವಿರಾರು ಎಚ್.ಪಿ. ಕಕ್ಕುವ ಎಂಜಿನ್ನೂ, ನೀವು ಸಂತೆಗೆ ಹೋಗೋವಾಗ ಕೂತಿದ್ದಿರಬಹುದಾದ ಹಳೆಯ ಬಸ್ಸಿನ ಎಂಜಿನ್ನೂ ಒಂದೇ ಮನೆತನದವು. ಒಬ್ಬ ಪೈಲ್ವಾನನಾದ, ಇನ್ನೊಬ್ಬ ಹಮಾಲಿ ಮಾಡಿದ. ಕಾಯಿಲೆಗಳು ಮಾತ್ರ ಎರಡಕ್ಕೂ ಒಂದೇ.

ಕಮಿನ್ಸ್ ಹೆಸರು ನಮ್ಮ ಕಡೆಗೆ ಹೊಸದೂ ಅಲ್ಲ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಉದ್ಯಮ 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಆಯಿತು. ಇನ್ನು ಮೂಲ ಕಂಪನಿಯನ್ನು 1919ರಲ್ಲಿ ಇಂಡಿಯಾನಾ ರಾಜ್ಯದ ಕೊಲಂಬಸ್ ಊರಲ್ಲಿ ಶುರು ಮಾಡಿದ ಕ್ಲೆಸ್ಸಿ ಕಮಿನ್ಸ್ ಓದಿದ್ದು ಬರೀ ಎಂಟನೇ ಕ್ಲಾಸು. ಬ್ಯಾಂಕ್ ಸಾಹುಕಾರರ ಮನೆಯ ಕಾರ್ ಡ್ರೈವರ್ ಆಗಿದ್ದಾತ. ಡ್ರೈವರುಗಳನ್ನು ಹಗುರಾಗಿ ನೋಡುವವರು ಇದನ್ನು ಗಮನಿಸಬೇಕು.

450 ಸುತ್ತಿನ ಆಯುಸ್ಸು

ಲೆಕ್ಕ ಹಾಕೋಣ. ರೇಸಿನ ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗುತ್ತದೆ ಅನ್ನಿ. ಸೆಕೆಂಡಿಗೆ 75 ಸುತ್ತು. ಆರು ಸೆಕೆಂಡಿಗೆ 450. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರ್ ಹೊಡೆಯುವುದರಿಂದ ಒಬ್ಬೊಬ್ಬರ ಪಾಲಿಗೆ 225 ಹೊಡೆತ. ಅಷ್ಟೇ ಓಟ.

ನಮ್ಮ ಬಸ್ಸು ಸ್ಟ್ಯಾಂಡಿನಲ್ಲಿ ಸುಮ್ಮನೆ ಗುರುಗುಟ್ಟುತ್ತಾ ನಿಂತಾಗಲೂ ನಿಮಿಷಕ್ಕೆ 600 ಸುತ್ತು ಹಿಡಿದರೆ ಈ 450 ಸುತ್ತು ಮುಕ್ಕಾಲು ನಿಮಿಷದಲ್ಲಿ ಮುಗಿಯುತ್ತದೆ. ಕಂಡಕ್ಟರ್ ನಿಮ್ಮ ಚಿಲ್ಲರೆ ಹುಡುಕೋದಕ್ಕೂ ಸಾಲದ ಹೊತ್ತು. ಅಷ್ಟರಲ್ಲಿ ರೇಸಿನ ಎಂಜಿನ್ ಗೆದ್ದಿರುತ್ತದೆ, ಇಲ್ಲವೇ ಸತ್ತಿರುತ್ತದೆ.

ಯಾಕೆ ಸಾಯುತ್ತದೆ? ಅದರ ಮೇಲೆ ಬೀಳುವ ಭಾರ ನೋಡಿ. 102 ಮಿಲಿಮೀಟರ್ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 82 ಚದರ ಸೆಂಟಿಮೀಟರ್. ಉರಿಯುವಾಗ ಚದರ ಸೆಂಟಿಮೀಟರಿಗೆ 200 ಕಿಲೋ ಒತ್ತಡ ಅಂತ ಹಿಡಿದರೂ 16 ಟನ್ನಿನ ಮೇಲಾಯಿತು. ಅಂದರೆ ಪ್ರತಿ ಹೊಡೆತಕ್ಕೂ ತುಂಬಿದ ಒಂದು 1613 ಲಾರಿ ನಮ್ಮ ಅಂಗೈಯಗಲದ ಪಿಸ್ಟನ್ ಮೇಲೆ ಬಂದು ಕೂತು ಏಳುತ್ತದೆ. ರೇಸಿನ ಎಂಜಿನ್ ಒಳಗೆ ಒತ್ತಡ ಇದಕ್ಕೂ ಮೇಲೆ ಹೋಗುತ್ತದೆ. ಅದೇ ಒತ್ತಡ ಹೆಡ್ಡನ್ನೂ ಮೇಲಕ್ಕೆ ಎತ್ತಲು ನೋಡುತ್ತಿರುತ್ತದೆ.

ಗಾಳಿಯ ಕತೆಯೂ ಹಾಗೇ. ನಾವು ಲಾರಿ ಟೈರಿಗೆ ನೂರು ಪೌಂಡಿನ ಆಸುಪಾಸು ಹವಾ ಹಿಡಿಸುತ್ತೇವೆ. ಅವರು ಒಂದರ ಹಿಂದೆ ಒಂದು ಟರ್ಬೊ ಕಟ್ಟಿ ಅಷ್ಟೇ ಒತ್ತಡದ ಹವಾ ನೇರ ಎಂಜಿನ್ನಿನ ಬಾಯಿಗೆ ತುರುಕುತ್ತಾರೆ.

ಇನ್ನು ಕಾವು. ಅಲ್ಯೂಮಿನಿಯಂ ಕರಗೋದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪಿಸ್ಟನ್‌ಗೆ ಬಳಸುವ ಮಿಶ್ರಣ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ರೇಸಿನಲ್ಲಿ ಹೊರಬರುವ ಹೊಗೆಯ ಕಾವೇ 800 ಡಿಗ್ರಿ ದಾಟುತ್ತದೆ. ಆದರೂ ಪಿಸ್ಟನ್ ಕರಗೋದಿಲ್ಲ, ಯಾಕೆಂದರೆ ಕೆಳಗಿನಿಂದ ಆಯಿಲ್ ಚಿಮ್ಮಿ ಹೊಟ್ಟೆ ತಣಿಸುತ್ತಿರುತ್ತದೆ, ಎರಡು ಹೊಡೆತದ ನಡುವೆ ಹೊಸ ಗಾಳಿ ಬರುತ್ತದೆ. ಕಾದ ದೋಸೆ ಹಂಚಿಗೆ ಬೆರಳು ತಾಗಿಸಿ ತೆಗೆದಂತೆ. ತಾಗಿಸಿ ತೆಗೆದರೆ ಬಚಾವ್. ಒಂದು ಕ್ಷಣ ಜಾಸ್ತಿ ಇಟ್ಟರೆ ಬೊಬ್ಬೆ.

ಮೊದಲು ಕೈ ಕಟ್ಟಿ ನಿಲ್ಲು

ಈಗ ವಿಚಾರಣೆಗೆ ಬರೋಣ. ಗಾಡಿ ಅರ್ಧ ದಾರಿಯಲ್ಲಿ ಢಬ್ ಅಂದಿತು, ಹೊಗೆ ಎದ್ದಿತು, ನಿಂತಿತು. ಅನುಭವಸ್ಥ ತಂಡ ಮೊದಲು ಮಾಡುವ ಕೆಲಸ ಏನು? ಏನೂ ಮಾಡದೇ ಇರುವುದು.

ಮತ್ತೆ ಸ್ಟಾರ್ಟ್ ಮಾಡಿ ನೋಡೋದಿಲ್ಲ. ನಮ್ಮಲ್ಲಿ ಆಗುವುದು ಇದರ ಉಲ್ಟಾ. "ಒಂದ್ ಸಲ ಸೆಲ್ಫ್ ಹೊಡಿಯಪ್ಪಾ, ನೋಡೋಣ" ಅನ್ನುವ ಮಾತಿದೆಯಲ್ಲ, ಅದು ಎಷ್ಟು ಎಂಜಿನ್ನುಗಳ ಪ್ರಾಣ ತೆಗೆದಿದೆಯೋ. ಒಳಗೆ ಒಂದು ಚೂರು ಕಬ್ಬಿಣ ಸಡಿಲವಾಗಿದ್ದರೆ ಆ ಒಂದು ಸೆಲ್ಫಿಗೆ ಅದು ಹೆಡ್ಡನ್ನೂ ಕೊಲ್ಲುತ್ತದೆ, ಟರ್ಬೊವನ್ನೂ ಕೊಲ್ಲುತ್ತದೆ. ಸಿಲಿಂಡರಿಗೆ ನೀರೋ ಡೀಸೆಲ್ಲೋ ತುಂಬಿದ್ದರಂತೂ ಮುಗಿದೇಹೋಯ್ತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಿಕ್ಕೆ ಆಗೋದಿಲ್ಲ. ಪಿಸ್ಟನ್ ಮೇಲೆ ಬರುತ್ತದೆ, ನೀರು ಜಾಗ ಬಿಡೋದಿಲ್ಲ, ನಡುವೆ ಸಿಕ್ಕ ಕನೆಕ್ಟಿಂಗ್ ರಾಡು ಬಾಗುತ್ತದೆ.

ಎರಡನೆಯದು, ಓಡಿಸಿದವನ ಹೇಳಿಕೆ. ಬೈಗುಳ ಇಲ್ಲದೆ, ಬಿಸಿಬಿಸಿ ಇರುವಾಗಲೇ. ಮೊದಲು ಸದ್ದು ಬಂತೋ, ಹೊಗೆ ಬಂತೋ? ಶಕ್ತಿ ಕುಗ್ಗಿ ಆಮೇಲೆ ಸದ್ದೋ, ಸದ್ದಾಗಿ ಆಮೇಲೆ ಕುಗ್ಗಿದ್ದೋ? ಯಾವ ಮುಳ್ಳು ಮೊದಲು ಅಲುಗಿತು? ಈ ಕ್ರಮ ಮುಖ್ಯ. ಹೆದರಿದ ಮನುಷ್ಯ ನಿಜ ಹೇಳೋದಿಲ್ಲ. ಆದ್ದರಿಂದಲೇ ಅವರು ಹೆದರಿಸೋದಿಲ್ಲ.

ಮೂರನೆಯದು, ಸುಳ್ಳು ಹೇಳದ ಸಾಕ್ಷಿ. ರೇಸ್ ಗಾಡಿಯಲ್ಲಿ ಓಟವನ್ನು ಪೂರ್ತಿ ಬರೆದಿಡುವ ಒಂದು ಪೆಟ್ಟಿಗೆ ಇರುತ್ತದೆ. ಸುತ್ತು, ಟರ್ಬೊ ಒತ್ತಡ, ಡೀಸೆಲ್ ಒತ್ತಡ, ಆಯಿಲ್ ಒತ್ತಡ, ಆಯಿಲ್ ಚೇಂಬರಿನ ಗಾಳಿ ಒತ್ತಡ, ಕೆಲವರಲ್ಲಿ ಒಂದೊಂದು ಸಿಲಿಂಡರಿನ ಹೊಗೆಯ ಕಾವು ಬೇರೆಬೇರೆ. ಇದನ್ನು ಕಂಪ್ಯೂಟರಿನಲ್ಲಿ ಗೆರೆಗಳಾಗಿ ಹರಡಿ, ಯಾವ ಗೆರೆ ಮೊದಲು ದಾರಿ ತಪ್ಪಿತು ಅಂತ ನೋಡುತ್ತಾರೆ. ಆಯಿಲ್ ಒತ್ತಡ ಮೊದಲು ಬಿದ್ದಿದ್ದರೆ ಬೇರಿಂಗ್ ಕಡೆ ಅನುಮಾನ. ಚೇಂಬರಿನ ಗಾಳಿ ಮೊದಲು ಏರಿದ್ದರೆ ಪಿಸ್ಟನ್ ಅಥವಾ ರಿಂಗು. ನೀರಿನ ಒತ್ತಡ ಮೊದಲು ಏರಿದ್ದರೆ ಹೆಡ್ ಗ್ಯಾಸ್ಕೆಟ್. ಒಂದೇ ಸಿಲಿಂಡರಿನ ಕಾವು ಉಳಿದವನ್ನು ಬಿಟ್ಟು ಮೇಲಕ್ಕೆ ಹೋಗಿದ್ದರೆ ಅದರ ನೋಜಲ್.

ಹೊಗೆ ಹೇಳುವ ಮಾತು

ಆ ಪೆಟ್ಟಿಗೆ ನಮ್ಮ ಲಾರಿಯಲ್ಲಿ ಇಲ್ಲ ಅನ್ನುತ್ತೀರಿ. ಸರಿ, ಹೊಗೆ ಇದೆಯಲ್ಲ?

ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಅಥವಾ ಗಾಳಿ ಕಡಿಮೆ. ಬಿಳಿ ಹೊಗೆ ಅಂದರೆ ಡೀಸೆಲ್ ಉರಿಯದೆ ಆವಿಯಾಗಿ ಬರುತ್ತಿದೆ, ಅಥವಾ ಒಳಗೆ ನೀರು ಸೇರಿದೆ. ಡೀಸೆಲ್ ಆದರೆ ಕಣ್ಣು ಉರಿಯುತ್ತದೆ, ನೀರಾದರೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿರುತ್ತದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ.

ನೀಲಿಯಲ್ಲಿ ಒಂದು ಭಯಂಕರ ಜಾತಿ ಇದೆ. ಟರ್ಬೊದ ಸೀಲು ಹೋಗಿ ಎಂಜಿನ್ ತನ್ನದೇ ಆಯಿಲ್ ಕುಡಿಯಲು ಶುರು ಮಾಡಿದರೆ ಕೀಲಿ ತಿರುಗಿಸಿದರೂ ನಿಲ್ಲೋದಿಲ್ಲ. ಡೀಸೆಲ್ ಬಂದ್ ಆದರೂ ಅದಕ್ಕೆ ಊಟ ಸಿಗುತ್ತಿದೆಯಲ್ಲ! ಸುತ್ತು ಏರುತ್ತಾ ಏರುತ್ತಾ ಒಡೆದುಹೋಗುತ್ತದೆ. ನಿಲ್ಲಿಸುವ ದಾರಿ ಗಾಳಿ ಮುಚ್ಚುವುದು. ಅದಕ್ಕೇ ಅಲ್ಲಿನ ಅನೇಕ ಸ್ಪರ್ಧೆಗಳಲ್ಲಿ ಗಾಳಿ ಮುಚ್ಚುವ ಬಾಗಿಲು ಇಲ್ಲದ ಗಾಡಿಯನ್ನು ಮೈದಾನಕ್ಕೆ ಬಿಡೋದಿಲ್ಲ. ನಮ್ಮಲ್ಲಿ ಹೀಗಾದರೆ ಯಾರೂ ಬರಿಗೈಯನ್ನು ಟರ್ಬೊ ಬಾಯಿಗೆ ಅಡ್ಡ ಇಡಬೇಡಿ. ಗಾಡಿ ಹೋಗಲಿ, ಕೈ ಉಳಿಯಲಿ.

ಆಮೇಲೆ ಆಯಿಲ್ ಫಿಲ್ಟರ್. ರೇಸಿನವರು ಅದನ್ನು ಬಿಚ್ಚಿ ಬಿಸಾಡೋದಿಲ್ಲ. ಕೊಯ್ದು, ಒಳಗಿನ ಕಾಗದ ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ಬೆಳ್ಳಿಯಂತೆ ಮಿನುಗಿದರೆ ಪಿಸ್ಟನ್ನಿನ ಅಲ್ಯೂಮಿನಿಯಂ, ಅಥವಾ ಬೇರಿಂಗಿನ ಮೇಲ್ಪದರ. ತಾಮ್ರದ ಬಣ್ಣ ಕಂಡರೆ ಬೇರಿಂಗ್ ಒಳಪದರದವರೆಗೆ ಸವೆದಿದೆ. ಅಯಸ್ಕಾಂತಕ್ಕೆ ಅಂಟಿದರೆ ಕ್ರ್ಯಾಂಕೋ, ಕ್ಯಾಮೋ, ಗೇರೋ. ಚಿನ್ನ ಬೆಳ್ಳಿ ಕೆಲಸದವರು ದೂಳು ಗುಡಿಸಿ ಚಿನ್ನ ಹುಡುಕುವಂತೆ ಇವರು ಆಯಿಲ್ಲಿನಲ್ಲಿ ಸುಳಿವು ಹುಡುಕುತ್ತಾರೆ.

ಮೇಜಿನ ಮೇಲಿನ ಶವಪರೀಕ್ಷೆ

ಇಷ್ಟಾದ ಮೇಲೆ ಬಿಚ್ಚುವ ಕೆಲಸ. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಬಿಚ್ಚಿದ ಪ್ರತಿ ಸಾಮಾನಿಗೂ ನಂಬರು. ಒಂದನೇ ಸಿಲಿಂಡರಿನ ನೋಜಲ್, ಪಿಸ್ಟನ್, ರಾಡು, ಬೇರಿಂಗ್ ಒಂದು ಸಾಲು. ಎರಡನೆಯದಕ್ಕೆ ಇನ್ನೊಂದು ಸಾಲು. ತೊಳೆಯೋದಿಲ್ಲ. ತೊಳೆದರೆ ಸಾಕ್ಷ್ಯ ತೊಳೆದಂತೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ನಾಲ್ಕನೇ ಸಿಲಿಂಡರಿನ ರಾಡು ತುಂಡಾಗಿ ಬ್ಲಾಕಿನ ಪಕ್ಕೆ ಒಡೆದು ಹೊರಗೆ ಬಂದಿದೆ. ನೋಡಿದವರೆಲ್ಲ "ರಾಡು ವೀಕು" ಅನ್ನುತ್ತಾರೆ. ಕಣ್ಣಿಗೆ ಕಾಣೋದು ಅದೇ.

ಆದರೆ ಪಿಸ್ಟನ್ನಿನ ಚೂರು ಜೋಡಿಸಿ ನೋಡಿದರೆ ಅದರ ತಲೆಯ ಒಂದು ಅಂಚು ಮೇಣದಂತೆ ಕರಗಿದೆ. ಕರಗಿದ ಲೋಹ ಬೋರಿನ ಗೋಡೆಗೆ ಮೆತ್ತಿಕೊಂಡಿದೆ. ಆ ಅಂಚಿನ ನೇರಕ್ಕೆ ಇರುವುದು ನೋಜಲಿನ ಒಂದು ತೂತು. ಆ ನೋಜಲನ್ನು ಟೆಸ್ಟಿಗೆ ಹಾಕಿದರೆ ಮಂಜಿನಂತೆ ಸಿಂಪಡಿಸುವ ಬದಲು ಹಾಲು ಕರೆದಂತೆ ಧಾರೆ ಬಿಡುತ್ತಿದೆ, ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತಿದೆ. ಈಗ ಕತೆ ಹಿಂದುಮುಂದಾಯಿತು. ನೋಜಲ್ ಕೆಟ್ಟಿತು, ಧಾರೆ ಒಂದೇ ಕಡೆ ಬಿದ್ದು ಪಿಸ್ಟನ್ ಸುಟ್ಟಿತು, ಸುಟ್ಟ ಪಿಸ್ಟನ್ ಗೋಡೆಗೆ ಕಚ್ಚಿಕೊಂಡಿತು, ಕೆಳಗಿನಿಂದ ಕ್ರ್ಯಾಂಕ್ ಎಳೆಯಿತು, ನಡುವೆ ಇದ್ದ ರಾಡು ಹರಿಯಿತು. ಸದ್ದು ಮಾಡಿದ್ದು ರಾಡು. ಪಾಪ, ಅದು ಕೊಲೆಗಾರನಲ್ಲ, ಹೆಣ.

ಅದೇ ಬೇರಿಂಗಿನಿಂದ ಶುರುವಾಗಿದ್ದರೆ ಚಿತ್ರ ಬೇರೆ. ಪಿಸ್ಟನ್ನಿನ ತಲೆಯಲ್ಲಿ ಸುಟ್ಟ ಗಾಯ ಇರೋದಿಲ್ಲ. ರಾಡಿನ ಕೆಳತುದಿ ಕಾದು ನೀಲಿಗಟ್ಟಿರುತ್ತದೆ, ಬೇರಿಂಗ್ ಜಾಗದಲ್ಲೇ ತಿರುಗಿಬಿಟ್ಟಿರುತ್ತದೆ. ಟೈಮಿಂಗ್ ತೀರಾ ಮುಂದಿಟ್ಟಿದ್ದರೆ, ಅಂದರೆ ಪಿಸ್ಟನ್ ಮೇಲೇರುತ್ತಿರುವಾಗಲೇ ಬೆಂಕಿ ಜೋರಾಗಿದ್ದರೆ, ರಾಡ್ ಬೇರಿಂಗಿನ ಮೇಲಿನ ಹೋಳು ಸುತ್ತಿಗೆಯಿಂದ ಜಜ್ಜಿದಂತೆ ಕಾಣುತ್ತದೆ, ಗ್ಯಾಸ್ಕೆಟ್ ಹೊರಕ್ಕೆ ತಳ್ಳಿರುತ್ತದೆ. ನೀರು ತುಂಬಿ ಬಾಗಿದ ರಾಡು ಬೇರೆಯೇ ಜಾತಿ, ಅದು ಡೊಂಕಾಗಿರುತ್ತದೆ.

ಮುರಿದ ಲೋಹದ ಮುಖವೂ ಮಾತಾಡುತ್ತದೆ. ಬೇಸಿಗೆಯಲ್ಲಿ ಶಾಂತಿಸಾಗರದ ನೀರು ಇಳಿದಾಗ ದಂಡೆಯಲ್ಲಿ ಒಂದರ ಕೆಳಗೆ ಒಂದು ಗೆರೆ ಉಳಿಯುತ್ತದಲ್ಲ, ಅಂಥ ಗೆರೆಗಳು ಮುರಿದ ಜಾಗದಲ್ಲಿ ಕಂಡರೆ ಅದು ಇವತ್ತು ಮುರಿದದ್ದಲ್ಲ. ಕೂದಲೆಳೆಯ ಬಿರುಕು ಎಂದೋ ಬಿಟ್ಟು, ದಿನಾ ಸ್ವಲ್ಪ ಸ್ವಲ್ಪ ನಡೆದು, ಇವತ್ತು ಕೊನೆ ಮುಟ್ಟಿದೆ. ಗೆರೆಯೇ ಇಲ್ಲದೆ ಪೂರ್ತಿ ಒರಟಾಗಿದ್ದರೆ ಒಂದೇ ಏಟಿಗೆ ಹೋದದ್ದು. ಅಮೆರಿಕದ ಜನರಲ್ ಮೋಟರ್ಸ್ ಪಿಕಪ್ಪುಗಳಿಗೆ 2001ರಿಂದ ಬಂದ ಡ್ಯುರಾಮ್ಯಾಕ್ಸ್ ವಿ-8 ಎಂಜಿನ್ನಿನಲ್ಲಿ ಶಕ್ತಿ ಬಹಳ ಏರಿಸಿದವರ ಕ್ರ್ಯಾಂಕ್ ಮುರಿಯುವುದು ಹೆಸರುವಾಸಿ ಕಾಯಿಲೆ. ಸಿಲಿಂಡರುಗಳು ಹೊಡೆಯುವ ಸರದಿಯಲ್ಲಿ ಕ್ರ್ಯಾಂಕಿಗೆ ತಿರುಚುವ ಪೆಟ್ಟು ಬೀಳುತ್ತದೆ ಅಂತ ಕಂಡುಕೊಂಡು, ಕ್ಯಾಮ್ ಬದಲಿಸಿ ಸರದಿಯನ್ನೇ ಬದಲಿಸಿದವರಿದ್ದಾರೆ. ಕಾರಣ ಸಿಕ್ಕಿದ್ದರಿಂದ ಔಷಧ ಸಿಕ್ಕಿತು. ಬರೀ ಹೊಸ ಕ್ರ್ಯಾಂಕ್ ಹಾಕುತ್ತಾ ಕೂತಿದ್ದರೆ ಅಂಗಡಿಯವನಿಗೆ ಮಾತ್ರ ಲಾಭ.

ಮೂಗು ಕಟ್ಟಿದ ಕುದುರೆ

ಹಳೆಯ ಒಂದು ಕತೆ ಹೇಳಲೇಬೇಕು. 1952ರ ಇಂಡಿಯಾನಾಪೊಲಿಸ್ 500 ಮೈಲಿ ರೇಸು. ಕಮಿನ್ಸ್ ಕಂಪನಿ ಒಂದು ಡೀಸೆಲ್ ಕಾರು ತಂದಿತ್ತು. ಎಂಜಿನ್ನನ್ನು ಮಗ್ಗುಲಿಗೆ ಮಲಗಿಸಿ ಕೂರಿಸಿದ ತಗ್ಗು ಕಾರು. ಆ ರೇಸಿನ ಇತಿಹಾಸದಲ್ಲೇ ಟರ್ಬೊ ಕಟ್ಟಿಕೊಂಡು ಬಂದ ಮೊದಲ ಕಾರು ಅದು. ಫ್ರೆಡ್ ಅಗಬಾಶಿಯನ್ ಎಂಬ ಚಾಲಕ ಅರ್ಹತಾ ಸುತ್ತಿನಲ್ಲಿ ಗಂಟೆಗೆ 138 ಮೈಲಿ, ಅಂದರೆ 222 ಕಿಲೋಮೀಟರ್ ವೇಗ ಹೊಡೆದು ಮೊದಲ ಸ್ಥಾನದಿಂದ ಹೊರಟ.

200 ಸುತ್ತಿನ ರೇಸು. 71 ಸುತ್ತಿಗೆ ಕಾರು ಕಪ್ಪು ಹೊಗೆ ಕಕ್ಕುತ್ತಾ ಹೊರಬಂತು.

ಏನಾಗಿತ್ತು? ಟರ್ಬೊ ಗಾಳಿ ಎಳೆಯುವ ಬಾಯಿ ಮುಂಭಾಗದಲ್ಲಿ, ನೆಲಕ್ಕೆ ಹತ್ತಿರ ಇತ್ತು. ಮುಂದಿನ ಕಾರುಗಳ ಟೈರಿನಿಂದ ಉದುರಿದ ರಬ್ಬರಿನ ಚೂರು, ಕಸ ಒಳಗೆ ಹೋಗಿ ಟರ್ಬೊ ಕಟ್ಟಿಕೊಂಡಿತ್ತು. ಗಾಳಿ ಇಲ್ಲದ ಡೀಸೆಲ್ ಕಪ್ಪು ಹೊಗೆಯಾಯಿತು. ಎಂಜಿನ್ ಸತ್ತಿರಲಿಲ್ಲ, ಮೂಗು ಕಟ್ಟಿತ್ತು.

ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿಯಲ್ಲಿ ದೂಳಲ್ಲೇ ಓಡಾಡುವ ಲಾರಿಗಳಿಗೂ ಇದೇ ಆಗುತ್ತದೆ. ಏರ್ ಫಿಲ್ಟರ್ ಕಟ್ಟುತ್ತದೆ, ಪಿಕಪ್ ಬಿಡುತ್ತದೆ, ಕಪ್ಪು ಹೊಗೆ ಬರುತ್ತದೆ. ಸೀದಾ ಪಂಪಿಗೆ ಕೈ ಹಾಕುತ್ತಾರೆ. ಪಂಪಿನ ಸೀಲು ಒಡೆದು ಇನ್ನಷ್ಟು ಡೀಸೆಲ್ ಬಿಡುತ್ತಾರೆ. ಮೂಗು ಕಟ್ಟಿದವನ ಬಾಯಿಗೆ ಇನ್ನೆರಡು ಮುದ್ದೆ ತುರುಕಿದಂತೆ. ಹೊಗೆಯ ಕಾವು ಏರುತ್ತದೆ, ತಿಂಗಳೊಪ್ಪತ್ತಿನಲ್ಲಿ ಪಿಸ್ಟನ್ ಹೋಗುತ್ತದೆ. ಆಗ ಮತ್ತದೇ ಪ್ರಶ್ನೆ: "ಡ್ರೈವರ್ ಯಾರು?"

ಒಂದು ಸಿಲಿಂಡರಿಗೆ ತುಳಿಯಲಾಗದು

ಡ್ರೈವರುಗಳದ್ದು ತಪ್ಪೇ ಇರೋದಿಲ್ಲ ಅಂತ ಈ ಅಂಕಣ ಹೇಳುತ್ತಿಲ್ಲ. ಇರುತ್ತದೆ. ಆಯಿಲ್ ಇಲ್ಲದೆ ಓಡಿಸಿದ್ದರೆ ಒಂದಲ್ಲ, ಹಲವು ಬೇರಿಂಗುಗಳು ಒಣಗಿ ಸುಟ್ಟು ಸಾಕ್ಷಿ ಹೇಳುತ್ತವೆ. ನೀರು ಬತ್ತಿದ ಮೇಲೂ ಎಳೆದಿದ್ದರೆ ಹೆಡ್ಡು ಸೊಟ್ಟಗಾಗಿರುತ್ತದೆ, ಒಂದಕ್ಕಿಂತ ಹೆಚ್ಚು ಪಿಸ್ಟನ್ನುಗಳ ಮೈ ಉಜ್ಜಿಹೋಗಿರುತ್ತದೆ. ಅದು ಕಂಡರೆ ಕೇಳಿ, ಖಂಡಿತ ಕೇಳಿ.

ಆದರೆ ಒಂದೇ ಸಿಲಿಂಡರ್ ಸುಟ್ಟು ಉಳಿದ ಐದೂ ನೆಟ್ಟಗಿದ್ದರೆ? ಅಕ್ಸಲರೇಟರ್ ಇರುವುದು ಒಂದೇ. ಅದನ್ನು ತುಳಿದರೆ ಆರಕ್ಕೂ ಡೀಸೆಲ್ ಹೋಗುತ್ತದೆ. ನಾಲ್ಕನೇ ಸಿಲಿಂಡರಿಗೆ ಮಾತ್ರ ತುಳಿಯುವ ವಿದ್ಯೆ ಇನ್ನೂ ಯಾವ ಡ್ರೈವರಿಗೂ ಒಲಿದಿಲ್ಲ. ಅಂಥ ಕೇಸಿನಲ್ಲಿ ನೋಜಲ್ ನೋಡದೆ ಮನುಷ್ಯನ ಸಂಬಳಕ್ಕೆ ಕೈ ಹಾಕೋದು ಅನ್ಯಾಯ. ಅನ್ಯಾಯದ ಜೊತೆಗೆ ದಡ್ಡತನ ಕೂಡ, ಯಾಕೆಂದರೆ ಆ ತೊಟ್ಟಿಕ್ಕುವ ನೋಜಲ್ ಹೊಸ ಪಿಸ್ಟನ್ನಿನ ಮೇಲೆ ಮತ್ತೆ ಕೂರುತ್ತದೆ. ಡ್ರೈವರನಿಗೆ ಒಂದು ಸಲ ನಷ್ಟ, ಓನರಿಗೆ ಎರಡು ಸಲ.

ಹಾಗಾದರೆ ಮಾಡಬೇಕಾದ್ದೇನು? ಸಾವಿರ ಎಚ್.ಪಿ.ಯ ಜನರಿಂದ ಕಲಿಯಬಹುದಾದ್ದು ನಾಕೇ ನಾಕು ಸಂಗತಿ. ಯಾವುದಕ್ಕೂ ಕಂಪ್ಯೂಟರ್ ಬೇಡ.

ಸದ್ದು ಬದಲಾದರೆ, ಮುಳ್ಳು ಬಿದ್ದರೆ, ನಿಲ್ಲಿಸಿ. ಮತ್ತೆ ಸೆಲ್ಫ್ ಹೊಡೆಯಬೇಡಿ. ಡ್ರೈವರ್ ಕಂಡದ್ದನ್ನು ಕಂಡ ಕ್ರಮದಲ್ಲಿ ಒಂದು ಚೀಟಿಯಲ್ಲಿ ಬರೆದಿಡಲಿ. ಬರೆಯೋಕೆ ಬಾರದಿದ್ದರೆ ಮೊಬೈಲಿನಲ್ಲಿ ಹೇಳಿ ಇಡಲಿ.

ಹೆಡ್ಡು ಇಳಿಸುವಾಗ ಓನರೂ ಡ್ರೈವರೂ ಇಬ್ಬರೂ ಗ್ಯಾರೇಜಿನಲ್ಲಿರಲಿ. ಸಾಮಾನನ್ನು ನಂಬರ್ ಹಾಕಿ ಸಾಲಾಗಿ ಇಡಿಸಿ, ನೋಡಿ ಮುಗಿಯುವವರೆಗೆ ಸೀಮೆಎಣ್ಣೆಯಲ್ಲಿ ತೊಳೆಯಲು ಬಿಡಬೇಡಿ. ಫೋಟೋ ತೆಗೆದಿಡಿ.

ಪಂಪು, ನೋಜಲ್‌ಗಳನ್ನು ಎಂಜಿನ್ ಬಿಚ್ಚಿದವರಲ್ಲೇ ಬಿಡದೆ ಇನ್ನೊಂದು ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ಟೆಸ್ಟ್ ಹೊತ್ತಿಗೆ ಎದುರಿಗೇ ನಿಲ್ಲಿ. ಧಾರೆ ಯಾವುದು, ಮಂಜು ಯಾವುದು ಅನ್ನೋದನ್ನು ತಿಳಿಯೋಕೆ ಡಿಪ್ಲೊಮಾ ಬೇಕಿಲ್ಲ.

ಕೊನೆಗೆ, ಒಡೆದ ಸಾಮಾನನ್ನು ಗುಜರಿಗೆ ಹಾಕುವ ಆತುರ ಬೇಡ. ಗೋಣಿಚೀಲದಲ್ಲಿ ಕಟ್ಟಿ ಗ್ಯಾರೇಜಿನ ಮೂಲೆಯಲ್ಲಿಡಿ. ಹೊಸ ಎಂಜಿನ್ ಓಡಿ ನಂಬಿಕೆ ಬರುವವರೆಗೆ ಅದು ನಿಮ್ಮ ಫೈಲು.

ಅಂಗಡಿ ಮುಂದೆ ಡೀಸೆಲ್ ಜನರೇಟರ್ ಇಟ್ಟುಕೊಂಡಿರುವವರಿಗೂ ಇದೇ ಮಾತು. ಕರೆಂಟ್ ಹೋದಾಗ ಅದು ಕೆಮ್ಮಿದರೆ ಕೆಲಸದ ಹುಡುಗನನ್ನು ಬೈಯುವ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ.

ನಾಳೆ ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಯಾವುದೋ ಲಾರಿ ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ಪಕ್ಕದಲ್ಲಿ ಮುಖ ಸಪ್ಪೆ ಮಾಡಿಕೊಂಡು ಒಬ್ಬ ಡ್ರೈವರ್ ಫೋನಿನಲ್ಲಿ ಬೈಸಿಕೊಳ್ಳುತ್ತಿರುತ್ತಾನೆ. ಆ ಫೋನಿನ ಆಚೆ ತುದಿಯಲ್ಲಿ ಇರುವವರು ನೀವಾಗಿದ್ದರೆ, ಒಂದು ಪ್ರಶ್ನೆ ಬದಲಿಸಿ ನೋಡಿ ಸಾಹುಕಾರರೇ. "ಏನ್ ಮಾಡ್ದೆ?" ಅನ್ನುವ ಬದಲು "ಮೊದಲು ಏನು ಕಾಣ್ತಪ್ಪಾ?" ಅಂತ ಕೇಳಿ. ಎಂಜಿನ್ನಿನ ಅರ್ಧ ರಿಪೇರಿ ಆ ಉತ್ತರದಲ್ಲೇ ಇರುತ್ತದೆ.